ಇಂಚಕ್ಕನ ಅಂಗಡಿಗೆ ಸ್ಟಾರು ಬೇಕಾಗಿದೆ

“ಅಮ್ಮಾ, ಇಂಚಜ್ಜಿ ಅಂಗಡಿಗೆ ಹೋಗೋರೆಲ್ಲ ಯಾಕೆ ಹಿಂದೆ ಮುಂದೆ ನೋಡ್ಕೊಂಡು ಹೋಗ್ತಾರೆ? ಅವರೆಲ್ಲ ಕಳ್ಳರಾ?”

ಮೊದಲ ಮಹಡಿಯ ಕಿಟಕಿಯ ಕಟ್ಟೆಗೆ ಗಲ್ಲ ಊರಿ ನಿಂತ ಪುಟ್ಟಿ ಹೀಗೆ ಕೇಳಿದಾಗ ಅವಳ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಕೆಳಗೆ ರಸ್ತೆಯಾಚೆ, ಟೈ ಕಟ್ಟಿಕೊಂಡ ಭಾರಿ ಮನುಷ್ಯರೊಬ್ಬರು ಕಂಕುಳಲ್ಲಿ ಕಪ್ಪು ಚೀಲ ಅವಚಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಪಕ್ಕದ ಔಷಧಿ ಅಂಗಡಿಗೆ ಹೊರಟವರ ಹಾಗೆ ಹೆಜ್ಜೆ ಹಾಕಿ, ಥಟ್ಟನೆ ಹೊಲಿಗೆ ಅಂಗಡಿಯ ಪರದೆಯೊಳಗೆ ಮಾಯವಾದರು. ಕಳ್ಳರಲ್ಲ ಕಂದಾ, ಅವರು ಬ್ಯಾಂಕಿನ ಮ್ಯಾನೇಜರು ಎಂದಳು ಅಮ್ಮ. ಪುಟ್ಟಿಗೆ ಅದು ಉತ್ತರ ಅನ್ನಿಸಲಿಲ್ಲ. ಆದರೆ ಉಳಿದದ್ದನ್ನು ನಾಲ್ಕು ವರ್ಷದವಳ ಕಿವಿಗೆ ಹಾಕಿದರೆ ಸಂಜೆಯೊಳಗೆ ಬೀದಿಯ ಕಿವಿಗೂ ಬೀಳುತ್ತದೆ. ಇಂಚಕ್ಕನ ಅಂಗಡಿ ನಡೆಯುವುದೇ ಬೀದಿಗೆ ಏನೂ ಗೊತ್ತಾಗದೆ ಇರುವುದರ ಮೇಲೆ.

ಇಂಚಕ್ಕ ಹೊಸ ಬಟ್ಟೆ ಹೊಲಿಯುವವಳಲ್ಲ. ಇನ್ಯಾರೋ ಹೊಲಿದದ್ದನ್ನು ಬಿಚ್ಚಿ, ಸಡಿಲ ಮಾಡಿ, ಮತ್ತೆ ಹೊಲಿದು ಕೊಡುವವಳು. ಕಳೆದ ವರ್ಷ ಹಿತವಾಗಿದ್ದ ಪ್ಯಾಂಟು ಈ ವರ್ಷ ಗುಂಡಿಗೆ ಕಾಜಾ ಸಿಗದ ಹಾಗೆ ಆಗಿದ್ದರೆ, ಮದುವೆಯ ಕಾಲದ ಕೋಟು ಬೆನ್ನಲ್ಲಿ ಚರಕ್ ಅಂದರೆ, ಜನ ಇಲ್ಲಿಗೆ ಬರುತ್ತಾರೆ. ಮಹಡಿ ಮೆಟ್ಟಿಲ ಕೆಳಗಿನ ಕೋಣೆ. ಒಂದು ಮಷೀನು, ಒಂದು ಇಸ್ತ್ರಿ ಮೇಜು, ಒಂದು ಸ್ಟೂಲು, ಒಂದು ಉದ್ದ ಕನ್ನಡಿ. ಕನ್ನಡಿಯನ್ನು ಗೋಡೆಗೆ ತುಸು ಓರೆಯಾಗಿ ನಿಲ್ಲಿಸಿದ್ದಾಳೆ. ಅದರ ಮುಂದೆ ನಿಂತವರು ಒಂದು ಸುತ್ತು ಇಳಿದ ಹಾಗೆ ಕಾಣುತ್ತಾರೆ. ಬೇಕೆಂದೇ ಹಾಗೆ ನಿಲ್ಲಿಸಿದ್ದೀರಾ ಎಂದು ಕೇಳಿದರೆ, ನೆಲ ಸಮ ಇಲ್ಲ ಎನ್ನುತ್ತಾಳೆ.

ಅವಳ ಗಂಡ ಬದುಕಿದ್ದಾಗ ಅವನು ಕತ್ತರಿಸುವುದು, ಇವಳು ಹೊಲಿಯುವುದು. ಒಳ್ಳೆಯ ಮನುಷ್ಯ, ಕೈ ಸೊಗಸು, ಆದರೆ ಬಾಯಿ ಮಾತ್ರ ತಮಟೆ. ಅಳತೆ ತೆಗೆದವನು ಬರೆದುಕೊಳ್ಳಲಿ ಅಂತ ಒಳಗಿದ್ದ ಹೆಂಡತಿಗೆ ಕೂಗಿ ಹೇಳುತ್ತಿದ್ದ: “ಸೊಂಟ, ನಲವತ್ತಾರು!” ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಳ್ಳುತ್ತಿದ್ದವರು ತಿರುಗಿ ನೋಡುತ್ತಿದ್ದರು. ಹಾಗೆ ಒಮ್ಮೆ ಕೂಗಿಸಿಕೊಂಡ ಗಿರಾಕಿ ಎರಡನೇ ಸಲ ಬರುತ್ತಿರಲಿಲ್ಲ. ಅವನು ತೀರಿಕೊಂಡ ಮೇಲೆ ಸಿದ್ಧ ಉಡುಪಿನ ದೊಡ್ಡ ಅಂಗಡಿಗಳು ಬಂದವು, ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾದರು. ಇಂಚಕ್ಕ ಸ್ವಲ್ಪ ದಿನ ಆ ಅಂಗಡಿಗಳನ್ನು ಶಪಿಸಿದಳು. ಆಮೇಲೆ ಆ ಅಂಗಡಿಗಳ ಬಟ್ಟೆಯೇ ಇವಳ ಪರದೆ ಸರಿಸಿಕೊಂಡು ಬರತೊಡಗಿದಾಗ ಶಾಪ ವಾಪಸು ತೆಗೆದುಕೊಂಡಳು. ಹೊಸದು ಹೊಲಿಯೋರು ಲಕ್ಷ ಜನ ಇದ್ದಾರೆ, ಹಳೇದರಲ್ಲಿ ಮನುಷ್ಯನ್ನ ಹಿಡಿಸೋರು ಬೇಕಲ್ಲ ಅನ್ನುವುದು ಅವಳ ಮಾತು.

ಗಂಡನ ಬಾಯಿಂದ ಕಲಿತ ಪಾಠವನ್ನು ಅವಳು ಮರೆಯಲಿಲ್ಲ. ಅವಳ ಅಂಗಡಿಯಲ್ಲಿ ಅಳತೆ ಬಾಯಿಗೆ ಬರುವುದಿಲ್ಲ. ಟೇಪು ಸುತ್ತುತ್ತಾಳೆ, ಕಣ್ಣಲ್ಲಿ ಓದುತ್ತಾಳೆ, ತಲೆಯಲ್ಲಿ ಇಟ್ಟುಕೊಳ್ಳುತ್ತಾಳೆ. ಗಂಟಿಗೆ ಹೆಸರಿನ ಚೀಟಿ ಇಲ್ಲ. ಒಬ್ಬೊಬ್ಬರ ಬಟ್ಟೆಗೆ ಒಂದೊಂದು ಬಣ್ಣದ ದಾರ. ಗಿರಾಕಿ ಎಷ್ಟೇ ಉಬ್ಬಿರಲಿ, ಇವಳು ಟೇಪು ಮಡಚುತ್ತಾ ಒಂದೇ ಮಾತು ಹೇಳುತ್ತಾಳೆ: ಒಗೆದು ಒಗೆದು ಬಟ್ಟೆ ಕುಗ್ಗಿದೆ, ಒಂದಿಂಚು ಬಿಟ್ಟರೆ ಸಾಕು. ಬಿಡುವುದು ಮೂರಿಂಚೇ ಆಗಿರಲಿ, ಹೇಳುವುದು ಒಂದೇ ಇಂಚು. ಇಂಚಕ್ಕ ಅನ್ನುವ ಹೆಸರು ಬಂದದ್ದು ಹಾಗೆ. ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು, ಯಾರೂ ಅವಳೆದುರಿಗೆ ಹೇಳುವುದಿಲ್ಲ, ಪುಟ್ಟಿಯೊಬ್ಬಳನ್ನು ಬಿಟ್ಟು.

ಕೆಲಸವೂ ಅಂಥದ್ದೇ. ಹೊಲಿಗೆ ಬಿಚ್ಚಿ ಸಡಿಲ ಮಾಡಿದರೆ ಹಳೆಯ ಹೊಲಿಗೆ ಇದ್ದ ಜಾಗದಲ್ಲಿ ಒಂದು ಗೆರೆ ಉಳಿಯುತ್ತದೆ, ಮೊದಲು ಇಲ್ಲಿಯವರೆಗೆ ಇದ್ದೆ ಅಂತ ಚಾಡಿ ಹೇಳುವ ಗೆರೆ. ಇಂಚಕ್ಕ ಅದರ ಮೇಲೆ ವಿನೆಗರ್ ಬೆರೆಸಿದ ನೀರು ಒತ್ತಿ, ಒದ್ದೆ ಬಟ್ಟೆ ಹಾಸಿ, ಇಸ್ತ್ರಿಯ ಹಬೆ ಕೊಟ್ಟು, ಮೃದು ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ಅದರ ಬಾಯಿ ಮುಚ್ಚಿಸುತ್ತಾಳೆ. ಹೊಲಿಯುವುದಕ್ಕಿಂತ ಇದಕ್ಕೇ ಹೆಚ್ಚು ಹೊತ್ತು.

ಇಂಥ ಅಂಗಡಿಗೆ ಪೆಟ್ಟು ಬಿದ್ದದ್ದು ಫೋನಿನಿಂದ. ಗುಂಡಿ ಒತ್ತಿದರೆ ಮನೆ ಬಾಗಿಲಿಗೇ ಬಂದು ಬಟ್ಟೆ ಒಯ್ದು, ಸರಿಮಾಡಿ ತಂದುಕೊಡುವ ಕಂಪನಿಯೊಂದು ಶುರುವಾಯಿತು. ಅದರ ಜಾಹೀರಾತು ಎಲ್ಲರ ಫೋನಿನಲ್ಲೂ ಕರೆಯದೆ ಬರುವ ನೆಂಟರ ಹಾಗೆ ಬಂದು ಕೂತಿತು. ಅವರ ಕೆಲಸದಲ್ಲಿ ಹಳೆಯ ಗೆರೆ ಉಳಿಯುತ್ತಿತ್ತು, ನಿಜ. ಆದರೆ ಬೀದಿಯಲ್ಲಿ ಚೀಲ ಹಿಡಿದು ಎಡಬಲ ನೋಡುವ ಫಜೀತಿ ಇರಲಿಲ್ಲ. ಇಂಚಕ್ಕನ ಕಪಾಟಿನಲ್ಲಿ ಬಣ್ಣದ ದಾರಗಳು ವಿರಳವಾದವು. ಹೀಗೇ ಆದರೆ ಬಾಗಿಲೆಳೆಯಬೇಕಾಗುತ್ತದೆ ಎಂದು ಅವಳಿಗೇ ಅನ್ನಿಸತೊಡಗಿತು. ಸಾಕು ಬಿಡಮ್ಮಾ, ಮನೇಲಿ ಆರಾಮಾಗಿ ಕೂತ್ಕೋ ಎಂದಳು ಮಗಳು. ಆರಾಮಾಗಿ ಕೂತರೆ ನನ್ನ ಬಟ್ಟೆಯೇ ಕುಗ್ಗೋಕೆ ಶುರುವಾಗುತ್ತೆ ಎಂದು ಇಂಚಕ್ಕ ಆ ಮಾತನ್ನು ಅಲ್ಲೇ ಕತ್ತರಿಸಿದಳು.

ಆಗ ಕಣಕ್ಕೆ ಇಳಿದವನು ಅಳಿಯ. ಅವನ ಕೆಲಸವೇ ಅದು: ಬೇರೆಯವರ ವ್ಯಾಪಾರವನ್ನು ಜನರ ಫೋನಿನೊಳಗೆ ತುರುಕುವ ಕಚೇರಿ. ಹುಡುಗ ಒಳ್ಳೆಯವನು. ಅತ್ತೆಯೆಂದರೆ ಗೌರವ, ಫೋನೆಂದರೆ ಭಕ್ತಿ. ಒಂದು ಭಾನುವಾರ ಬಂದು ಸ್ಟೂಲಿನ ಮೇಲೆ ಕೂತು ಶುರುಮಾಡಿದ.

“ಅತ್ತೆ, ಈ ಕಾಲದಲ್ಲಿ ಕಾಣಿಸದೆ ಇದ್ರೆ ಇಲ್ಲದೆ ಇದ್ದ ಹಾಗೆ.”

“ನನ್ನ ಗಿರಾಕಿಗಳಿಗೆ ಕಾಣಿಸದೆ ಇರೋದೇ ಬೇಕು, ಅಳಿಯಂದ್ರೇ.”

“ಅವರು ಕಾಣಿಸೋದು ಬೇಡ. ನೀವು ಕಾಣಿಸಿ. ನಿಮ್ಮ ಕೈ ಕಾಣಿಸಲಿ. ಇದು ಜಾಹೀರಾತಲ್ಲ ಅತ್ತೆ, ನಿಮ್ಮ ಕೆಲಸದ ಕಥೆ ಹೇಳೋದು.”

“ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು,” ಎಂದಳು ಇಂಚಕ್ಕ ಸೂಜಿಗೆ ದಾರ ಪೋಣಿಸುತ್ತಾ. ಅವನು ನಕ್ಕ, ಸ್ವಲ್ಪ ತಡವಾಗಿ.

ಆದರೂ ಒಪ್ಪಿದಳು. ಕಪಾಟು ಅಷ್ಟು ಖಾಲಿಯಿತ್ತು. ಅವಳ ಷರತ್ತು ಎರಡೇ: ಗಿರಾಕಿಯ ಮುಖ ಬರಬಾರದು, ಹೆಸರು ಬರಬಾರದು. ವಿಡಿಯೋ ತೆಗೆಯಲು ಅಳಿಯ ಫೋನನ್ನು ಮೇಜಿಗೆ ಕಟ್ಟಿ, ದೀಪ ಹೊಂದಿಸಿ, ಕೈಗೆ ಬಂದ ಗಂಟು ಬಿಚ್ಚಿಸಿದ. ಒಳಗಿದ್ದದ್ದು ಸಾಸಿವೆ ಬಣ್ಣದ, ದೊಡ್ಡ ಚೌಕುಳಿಯ ಕೋಟು. ಇಂಚಕ್ಕ ಬೆನ್ನಿನ ಹೊಲಿಗೆ ಬಿಚ್ಚಿದಳು, ಒಳಗೆ ಮಡಚಿಟ್ಟಿದ್ದ ಬಟ್ಟೆಯನ್ನು ಹೊರಗೆ ತಂದಳು, ಗೆರೆಗೆ ಹಬೆ ಕೊಟ್ಟಳು. ಕೊನೆಗೆ, ಸರಿಯಾಗಿದೆಯೋ ಇಲ್ಲವೋ ಅಂತ ಯಾವಾಗಲೂ ನೋಡುವ ಹಾಗೆ ಟೇಪು ಹಾಸಿ ನೋಡಿದಳು. ಹಾಸುವಾಗ ಅವಳ ಬಾಯಿ ಎಂದಿನಂತೆ ಮುಚ್ಚಿತ್ತು. ಟೇಪಿನ ಮೇಲಿನ ಅಂಕೆಗಳು ಮಾತ್ರ ದೀಪದ ಬೆಳಕಿನಲ್ಲಿ ಮುತ್ತು ಪೋಣಿಸಿದಂತೆ ಬಿದ್ದವು. ಅದು ಅವಳ ಗಮನಕ್ಕೆ ಬರಲಿಲ್ಲ. ಅಳತೆಯೆಂದರೆ ಕೂಗಿ ಹೇಳಿದರೆ ಮಾತ್ರ ಗುಟ್ಟು ಒಡೆಯುವ ಸಂಗತಿ ಅಂತ ಗಂಡನ ಕಾಲದಿಂದ ತಿಳಿದವಳು ಅವಳು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಇಂಚಕ್ಕ ಈ ಬೀದಿಯ ಒಬ್ಬೊಬ್ಬರನ್ನೂ ಬಟ್ಟೆಯಿಂದಲೇ ಗುರುತಿಸುತ್ತಾಳೆ. ಬಸ್ಸಿನಲ್ಲಿ ಎದುರು ನಿಂತವರ ಮುಖ ನೋಡುವ ಮೊದಲೇ ಪ್ಯಾಂಟಿನ ಅಂಚು ನೋಡಿ ಇವರು ಇಂಥವರು ಎಂದು ಹೇಳಬಲ್ಲಳು. ಆದರೆ ಅದು ತನ್ನೊಬ್ಬಳ ಕಸುಬಿನ ಕಣ್ಣು, ಬೇರೆ ಜನ ಮುಖ ನೋಡುತ್ತಾರೆ ಅಂದುಕೊಂಡಿದ್ದಳು. ಸಾಸಿವೆ ಬಣ್ಣದ ಚೌಕುಳಿ ಕೋಟು ಹಾಕುವ ಮನುಷ್ಯ ಇಡೀ ಬಡಾವಣೆಗೆ ಒಬ್ಬರೇ ಇರುವಾಗ ಮುಖವೇನು ಬೇಕು?

ವಿಡಿಯೋ ಓಡಿತು. ಅಳಿಯನ ಮಾತಿನಲ್ಲಿ ಹೇಳುವುದಾದರೆ ಹಾರಿತು. ಎಲ್ಲೆಲ್ಲಿಯದೋ ಜನ ನೋಡಿದರು. ಇಸ್ತ್ರಿಯ ಹಬೆ ನೋಡಿದರೆ ಮನಸ್ಸಿಗೆ ನೆಮ್ಮದಿ ಅಂತ ಬರೆದರು. ನಮ್ಮೂರಲ್ಲಿ ಇಂಥ ಕೈ ಇಲ್ಲವಲ್ಲಾ ಅಂತ ಹಲುಬಿದರು. ಸಮುದ್ರದಾಚೆಯ ಒಬ್ಬಾಕೆ ತನ್ನ ಗಂಡನನ್ನೇ ಕಳಿಸುತ್ತೇನೆ, ಸಡಿಲ ಮಾಡಿ ಕೊಡಿ ಎಂದಳು. ಅದೇ ಹೊತ್ತಿಗೆ ಇಲ್ಲಿ, ಬಡಾವಣೆಯವರ ಫೋನಿನ ಗುಂಪಿನಲ್ಲಿ, ಒಬ್ಬರು ಆ ಕೋಟಿನ ಚಿತ್ರ ಹಾಕಿ, ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಮಾತ್ರ ಬರೆದರು. ಕೆಳಗೆ ನಗುವ ಮುಖಗಳ ಸಾಲು ಬಿತ್ತು. ಮರುದಿನ ಬ್ಯಾಂಕಿನಲ್ಲಿ ಸರತಿಯಲ್ಲಿ ನಿಂತವರೆಲ್ಲ ಗಾಜಿನ ಕೋಣೆಯ ಕಡೆಗೇ ನೋಡುತ್ತಿದ್ದರಂತೆ. ಅಷ್ಟು ಜನ ಅಷ್ಟು ತಾಳ್ಮೆಯಿಂದ ಸರತಿಯಲ್ಲಿ ನಿಂತದ್ದು ಅದೇ ಮೊದಲಂತೆ.

ಮ್ಯಾನೇಜರು ಕೋಟು ಒಯ್ಯಲು ಬಂದರು. ಈ ಸಲ ಎಡಬಲ ನೋಡಲಿಲ್ಲ. ಇನ್ನು ನೋಡಿ ಏನು ಪ್ರಯೋಜನ? ಇಂಚಕ್ಕ ಎದ್ದು ನಿಂತಳು. ಕೋಟು ತೆಗೆದು ಅವರ ಕೈಗೆ ಕೊಟ್ಟಳು.

“ನನ್ನ ಹೊಟ್ಟೆ ಊರಿಗೆಲ್ಲ ಕಾಣ್ತಾನೇ ಇತ್ತು ಅಕ್ಕಾ, ಅದೇನೂ ಗುಟ್ಟಲ್ಲ,” ಎಂದರು ಅವರು ಕೋಟು ಮಡಚಿಕೊಳ್ಳುತ್ತಾ. “ಎಷ್ಟು ಇಂಚು ಅಂತ ಮಾತ್ರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನೀವು ಒಂದು ಅಂದಿದ್ರಿ.”

ಬೈದಿದ್ದರೆ ಇಂಚಕ್ಕ ತಡೆದುಕೊಳ್ಳುತ್ತಿದ್ದಳು. ಅವರು ನಗುತ್ತಾ ಹೇಳಿದರು.

ಆಮೇಲಿನ ದಿನಗಳಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಬಂದರು, ಹೊಲಿಸಲಿಕ್ಕಲ್ಲ, ಕೊಟ್ಟದ್ದನ್ನು ವಾಪಸು ಪಡೆಯಲಿಕ್ಕೆ. ಶಾಲೆಯ ಮೇಡಮ್ಮು ತಮ್ಮ ಸ್ಕರ್ಟನ್ನು ಬಿಚ್ಚಿದ ಹೊಲಿಗೆಯ ಸಮೇತ ಎತ್ತಿಕೊಂಡು ಹೋದರು. ಅರ್ಜೆಂಟಿಲ್ಲ ಅಕ್ಕಾ, ಸ್ವಲ್ಪ ತೆಳ್ಳಗಾಗೋಣ ಅಂತಿದ್ದೀನಿ ಎಂದರೊಬ್ಬರು. ಔಷಧಿ ಅಂಗಡಿಯವನಂತೂ, ಪರದೆ ಸರಿಸಿದಾಗೆಲ್ಲ ಮೂಲೆಯಲ್ಲಿ ಫೋನು ಕಟ್ಟಿದ್ದಾರೋ ಅಂತ ಹುಡುಕುತ್ತಿದ್ದ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಈ ದೊಣ್ಣೆಗೆ ಪೂರ್ತಿ ನಿಮಿಷವೂ ಬೇಕಾಗಲಿಲ್ಲ, ವಿಡಿಯೋ ಅದಕ್ಕಿಂತ ಚಿಕ್ಕದಿತ್ತು.

ಇದೊಂದೂ ತಿಳಿಯದ ಅಳಿಯ ಮುಖ ಅರಳಿಸಿಕೊಂಡು ಬಂದ. ಕಚೇರಿಯಲ್ಲಿ ಅವನ ಬೆನ್ನು ತಟ್ಟಿದ್ದರು. ಎಷ್ಟು ಜನ ನೋಡಿದ್ದಾರೆ ಗೊತ್ತೇ ಅತ್ತೆ ಎಂದು ಫೋನನ್ನು ಅವಳ ಮೂಗಿಗೆ ಹಿಡಿದ. ಅಂಕೆಯ ಬಾಲ ಉದ್ದವಿತ್ತು.

“ಇಷ್ಟು ಜನ ನೋಡಿದಾರಲ್ಲ,” ಎಂದಳು ಇಂಚಕ್ಕ. “ಇದರಲ್ಲಿ ಪ್ಯಾಂಟು ತಂದೋರೆಷ್ಟು?”

“ಅದು ಬೇರೆ ಲೆಕ್ಕ ಅತ್ತೆ. ಇದಕ್ಕೆ ರೀಚ್ ಅಂತಾರೆ.”

“ನನ್ನ ಹತ್ರ ಇರೋದು ಆ ಬೇರೆ ಲೆಕ್ಕ ಒಂದೇ, ಅಳಿಯಂದ್ರೇ.”

ಕಪಾಟಿನ ಬಾಗಿಲು ತೆರೆದು ತೋರಿಸಿದಳು. ಅಲ್ಲಿ ದಾರದ ಉಂಡೆಗಳಿದ್ದವು, ಗಂಟುಗಳಿರಲಿಲ್ಲ. ಅಳಿಯ ಖಾಲಿ ಕಪಾಟನ್ನು ನೋಡಿದ. ನಂತರ ಫೋನು ತೆಗೆದು, ಅವಳ ಎದುರಿಗೇ ವಿಡಿಯೋ ಅಳಿಸಿದ. ಅಷ್ಟರಲ್ಲಿ ಅದು ಯಾರ್ಯಾರದೋ ಫೋನು ಸೇರಿಕೊಂಡಿತ್ತು. ಆಡಿದ ಮಾತು, ಒಡೆದ ಮುತ್ತು. ಆದರೂ ಅಳಿಸಿದ. ಬೆನ್ನು ತಟ್ಟಿಸಿಕೊಂಡದ್ದನ್ನು ತನ್ನ ಕೈಯಾರೆ ಅಳಿಸುವುದು ಆ ಕಸುಬಿನವರಿಗೆ ಸಣ್ಣ ಮಾತಲ್ಲ.

ಮುಂದಿನ ಭಾನುವಾರ ಅವನು ಮತ್ತೆ ಬಂದ. ಈ ಸಲ ಫೋನು ಕಿಸೆಯಿಂದ ತೆಗೆಯಲಿಲ್ಲ. ಬೆಳಿಗ್ಗೆಯಿಡೀ ಮೂಲೆಯಲ್ಲಿ ಕೂತು ಪರದೆಯನ್ನೇ ನೋಡಿದ. ಅವನ ಹೆಂಡತಿ ಬಂದು, ಏನು, ಅಮ್ಮನ ಹತ್ರ ಕೆಲಸಕ್ಕೆ ಸೇರಿದ್ರಾ ಎಂದು ಕಾಲೆಳೆದು ಹೋದಳು. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಚೀಲ ಹಿಡಿದು ಪರದೆಯವರೆಗೆ ಬಂದರು. ಒಳಗೆ ಇನ್ನೊಬ್ಬರ ಚಪ್ಪಲಿ ಕಂಡಿತು. ತಿರುಗಿ ಹೊರಟುಹೋದರು. ಅಳಿಯ ತೊಡೆ ತಟ್ಟಿಕೊಂಡ. ಜನಕ್ಕೆ ಇಂಚಕ್ಕನ ಅಂಗಡಿ ಎಲ್ಲಿದೆ ಅನ್ನುವುದು ಗೊತ್ತಿಲ್ಲದ್ದಲ್ಲ. ಅಲ್ಲಿ ಇನ್ಯಾರಾದರೂ ಇರುತ್ತಾರೋ ಅನ್ನುವುದು ಗೊತ್ತಿಲ್ಲ. ಫೋನಿನಿಂದ ಆಗಬೇಕಾದ ಕೆಲಸ ತೋರಿಸುವುದಲ್ಲ, ಮರೆಮಾಡುವುದು.

ಅವನು ಒಂದು ಏರ್ಪಾಡು ಮಾಡಿದ. ಫೋನಿನಲ್ಲಿ ಹೊತ್ತು ಆರಿಸಿಕೊಳ್ಳಬಹುದು. ಒಬ್ಬರ ಹೊತ್ತಿನಲ್ಲಿ ಇನ್ನೊಬ್ಬರು ಬರುವ ಹಾಗಿಲ್ಲ. ಹೆಸರು ಏನು ಬೇಕಾದರೂ ಕೊಡಬಹುದು. ಜಾಹೀರಾತೂ ಮಾಡಿದ, ಆದರೆ ಊರಿಗೆಲ್ಲ ಅಲ್ಲ. ಸುತ್ತಲಿನ ನಾಲ್ಕಾರು ಬೀದಿಯ ಫೋನುಗಳಿಗೆ ಮಾತ್ರ. ಅದರಲ್ಲಿ ಚಿತ್ರ ಒಂದೇ, ಮುಚ್ಚಿದ ಪರದೆಯದ್ದು. ಮಾತಿನ ವಿಷಯದಲ್ಲಿ ಅತ್ತೆ ಅಳಿಯರಿಗೆ ಸ್ವಲ್ಪ ಜಗಳವಾಯಿತು. ಅವನು ‘ನಗರದ ನಂಬರ್ ಒನ್’ ಎಂದು ಶುರುಮಾಡಿದ್ದ. ನಂಬರ್ ಹೊರಗೆ ಬಂದಿದ್ದಕ್ಕೆ ತಾನೇ ಇಷ್ಟೆಲ್ಲ ಆಗಿದ್ದು ಎಂದು ಇಂಚಕ್ಕ ಅದನ್ನು ಹೊಡೆದುಹಾಕಿಸಿದಳು. ಅವಳು ಹೇಳಿದ ಮಾತು ಉದ್ದವಾಯಿತೆಂದು ಅವನು ಅರ್ಧ ಕತ್ತರಿಸಿದ. ಕೊನೆಗೆ ಇಬ್ಬರ ಕತ್ತರಿಯಿಂದಲೂ ಉಳಿದದ್ದು ಇಷ್ಟು: “ಬಟ್ಟೆ ಕುಗ್ಗಿದೆಯೇ? ಬನ್ನಿ. ನೀವು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ.”

ಜಾಹೀರಾತು ಕಂಡವರು ಕಡಿಮೆ. ಆ ಅಂಕೆಯನ್ನು ಕಚೇರಿಯಲ್ಲಿ ತೋರಿಸಿದರೆ ಬೆನ್ನು ತಟ್ಟುವುದಿರಲಿ, ಕುರ್ಚಿ ಎಳೆಯುತ್ತಾರೆ ಎಂದ ಅಳಿಯ. ಆದರೆ ಕಂಡವರು ಬಂದರು. ‘ಒಬ್ಬರು’ ಎಂಬ ಹೆಸರಿನಲ್ಲಿ ಹೊತ್ತು ಕಾದಿರಿಸಿದವರೊಬ್ಬರು, ‘ಬಡಪಾಯಿ’ ಎಂಬುವವರೊಬ್ಬರು, ‘ನನ್ನ ತಮ್ಮನ ಪ್ಯಾಂಟು’ ಎಂದು ಹೆಸರಿನ ಜಾಗದಲ್ಲೇ ಸಮಜಾಯಿಷಿ ಬರೆದವರೊಬ್ಬರು. ‘ಒಬ್ಬರು’ ಎಂದರೆ ಯಾರೋ ಅಂತ ಇಂಚಕ್ಕ ಕಾದು ಕೂತಿದ್ದರೆ, ಪರದೆ ಸರಿಸಿ ಒಳಗೆ ಬಂದವರು ಮ್ಯಾನೇಜರು. ಈ ಸಲ ಬೂದು ಬಣ್ಣದ ಕೋಟು, ಚೌಕುಳಿ ಗಿವುಳಿ ಏನೂ ಇಲ್ಲ. ಕಂಪನಿಯವರಿಗೆ ಕೊಟ್ಟಿದ್ದೆ ಅಕ್ಕಾ, ಗೆರೆ ಹಾಗೇ ಬಿಟ್ಟಿದ್ದಾರೆ ಎಂದರು. ಇಂಚಕ್ಕ ಟೇಪು ಸುತ್ತಿದಳು, ಮಡಚಿದಳು. ಒಂದಿಂಚು ಅನ್ನಲು ಬಾಯಿ ತೆರೆದು, ಏನೋ ನೆನಪಾಗಿ ಸುಮ್ಮನಾದಳು. ಒಂದೇ ತಾನೆ ಎಂದು ಅವರೇ ಕೇಳಿದರು. ಹೂಂ ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಕ್ಕರು.

ಕಥೆ ಇಲ್ಲಿಗೆ ಮುಗಿದು ಎಲ್ಲರೂ ಸುಖವಾಗಿ ಇರಬಹುದಿತ್ತು. ಆದರೆ ಅಳಿಯನ ಕಸುಬು ಮುಂದಾಲೋಚನೆಯದ್ದು. ಅದು ಅವನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ.

ಈ ಸುತ್ತಲಿನ ಬೀದಿಯವರೇನೋ ಬಂದರು ಎಂದು ಅವನು ಅತ್ತೆಗೆ ವಿವರಿಸಿದ. ಅವರಲ್ಲಿ ಕೆಲವರು ಮನೆ ಬದಲಿಸುತ್ತಾರೆ, ಹೊಸಬರು ಬರುತ್ತಾರೆ. ಹೊಸಬರು ಯಾರನ್ನೂ ಕೇಳುವುದಿಲ್ಲ, ಫೋನನ್ನು ಕೇಳುತ್ತಾರೆ. ಇಷ್ಟು ದಿನ ಫೋನು ಹತ್ತು ಹೆಸರು ತೋರಿಸುತ್ತಿತ್ತು, ಹಳೆಯ ಗಿರಾಕಿಗಳು ಕೊಟ್ಟ ಸ್ಟಾರು ನೋಡಿ ಜನ ಆರಿಸುತ್ತಿದ್ದರು. ಇನ್ನು ಮುಂದೆ ಆರಿಸುವ ಕಷ್ಟವನ್ನೂ ಜನ ಪಡುವುದಿಲ್ಲವಂತೆ. ಬಾಯಲ್ಲಿ ಕೇಳುತ್ತಾರೆ, ಫೋನು ಒಂದೇ ಉತ್ತರ ಹೇಳುತ್ತದೆ. ಆ ಉತ್ತರ ಹೇಳುವ ಮೊದಲು ಅದು ಯಾರ ಬಗ್ಗೆ ಯಾರು ಏನು ಬರೆದಿದ್ದಾರೆ ಅಂತ ಎಲ್ಲ ಓದಿರುತ್ತದೆ. ಕಂಪನಿಯ ಬಗ್ಗೆ ಜನ ಬರೆದಿದ್ದಾರೆ, ಒಳ್ಳೆಯದೂ ಕೆಟ್ಟದ್ದೂ. ಅತ್ತೆಯ ಬಗ್ಗೆ ಯಾರೂ ಒಂದಕ್ಷರ ಬರೆದಿಲ್ಲ.

ಇಂಚಕ್ಕ ನಂಬಲಿಲ್ಲ. ಹಾಗಾದರೆ ನಾನೇ ಕೇಳುತ್ತೇನೆ ಎಂದು ಫೋನು ಇಸಕೊಂಡು, ಕಿವುಡರೊಂದಿಗೆ ಮಾತಾಡುವ ಹಾಗೆ ಗಟ್ಟಿಯಾಗಿ ಕೇಳಿದಳು: “ಏನಪ್ಪಾ, ಈ ಬೀದೀಲಿ ಬಟ್ಟೆ ಚೆನ್ನಾಗಿ ಸಡಿಲ ಮಾಡೋರು ಯಾರಿದ್ದಾರೆ?”

ಫೋನು ಬಹಳ ಮರ್ಯಾದೆಯಿಂದ ಕಂಪನಿಯ ಹೆಸರು ಹೇಳಿತು. ಅವರ ಜನ ಮನೆ ಬಾಗಿಲಿಗೇ ಬರುತ್ತಾರೆ, ಕರೆಸಲೇ ಎಂದೂ ಕೇಳಿತು.

ತನ್ನ ಅಂಗಡಿಯಲ್ಲಿ, ತನ್ನ ಮಷೀನಿನ ಮುಂದೆ, ತನ್ನ ಸ್ಟೂಲಿನ ಮೇಲೆ ಕೂತು ಕೇಳಿದವಳಿಗೆ ಈ ಉತ್ತರ. ಇಂಚಕ್ಕ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಗಂಡನ ತಮಟೆ ಬಾಯಿ ಅಂಗಡಿಯನ್ನು ಮುಳುಗಿಸುತ್ತಿದ್ದ ಕಾಲವನ್ನು ಅವಳು ಕಂಡಿದ್ದಳು. ಬಾಯಿ ಮುಚ್ಚಿಕೊಂಡಿದ್ದಕ್ಕೇ ಅಂಗಡಿ ಮುಳುಗುವ ಕಾಲವೂ ಬರುತ್ತದೆ ಅಂತ ಎಣಿಸಿರಲಿಲ್ಲ.

ಸರಿ, ಸ್ಟಾರು ಕೇಳುವುದೆಂದಾಯಿತು. ಅಳಿಯ ಹೇಳಿಕೊಟ್ಟಂತೆ ಅವಳು ಬಟ್ಟೆ ಕೊಡುವಾಗ ಒಬ್ಬೊಬ್ಬರನ್ನೂ ಕೇಳಿದಳು. ಶಾಲೆಯ ಮೇಡಮ್ಮು ಕೈ ಹಿಡಿದುಕೊಂಡು, ನಿಮ್ಮ ಕೆಲಸಕ್ಕೆ ಆಕಾಶದ ಸ್ಟಾರೆಲ್ಲ ಕೊಡಬಹುದು ಅಕ್ಕಾ, ಆದರೆ ಅದರ ಕೆಳಗೆ ನನ್ನ ಹೆಸರು ಬರುತ್ತಲ್ಲ ಎಂದರು. ಮ್ಯಾನೇಜರು ಏನು ಬೇಕಾದರೂ ಕೇಳಿ, ಅದೊಂದು ಬಿಟ್ಟು ಎಂದರು. ಅವರನ್ನು ಒತ್ತಾಯಿಸಲು ಇಂಚಕ್ಕನಿಗೂ ಮುಖವಿರಲಿಲ್ಲ. ‘ಬಡಪಾಯಿ’ ಒಬ್ಬನೇ ಧೈರ್ಯ ಮಾಡಿದ. ಎರಡು ದಿನ ಯೋಚಿಸಿ ಬರೆದ: “ಅಂಗಡಿಯ ಪರದೆ ಬಹಳ ಚೆನ್ನಾಗಿದೆ. ನಾನು ಒಳಗೆ ಹೋಗಿಲ್ಲ.” ಸ್ಟಾರು ಮೂರು ಕೊಟ್ಟಿದ್ದ. ಒಳಗೆ ಹೋಗದವನು ಐದು ಕೊಟ್ಟರೆ ಅನುಮಾನ ಬರುತ್ತೆ ಅಲ್ವಾ ಅಕ್ಕಾ ಎಂದು ಮುಂದಿನ ಸಲ ಪ್ಯಾಂಟು ಹಾಕಿಕೊಂಡು ನೋಡುತ್ತಾ ಸಮರ್ಥಿಸಿಕೊಂಡ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಸಿಗದಾಗ ಅಳಿಯ ತಗ್ಗಿದ ದನಿಯಲ್ಲಿ ಇನ್ನೊಂದು ದಾರಿ ಹೇಳಿದ. ಅವನ ಕಚೇರಿಗೆ ಗೊತ್ತಿರುವ ಜನ ಇದ್ದಾರೆ. ಹೇಳಿದರೆ ಸಾಕು, ಬೆಳಗಾಗುವುದರಲ್ಲಿ ಐವತ್ತು ಜನ ಹೊಗಳಿ ಬರೆದುಬಿಡುತ್ತಾರೆ. ಯಾರೂ ನಿಜವಾದ ಗಿರಾಕಿಗಳಲ್ಲ, ಹಾಗಾಗಿ ಯಾರಿಗೂ ನಾಚಿಕೆಯಿಲ್ಲ.

“ಕಚ್ಚಾ ಹೊಲಿಗೆ ದೂರದಿಂದ ಹೊಲಿಗೆ ಹಾಗೇ ಕಾಣುತ್ತೆ,” ಎಂದಳು ಇಂಚಕ್ಕ. “ಹಾಕ್ಕೊಂಡು ಕೂತ್ರೆ ಬಿಡುತ್ತೆ. ಬೇಡ.”

“ಬಟ್ಟೆ ಕುಗ್ಗಿದೆ ಅಂತ ಎಲ್ಲರಿಗೂ ಹೇಳ್ತೀರಲ್ಲ ಅತ್ತೆ, ಅದು ಮಾತ್ರ ಸತ್ಯವಾ?”

ಇಂಚಕ್ಕ ಕತ್ತರಿ ಕೆಳಗಿಟ್ಟಳು. ಅಳಿಯ ಸಿಕ್ಕಿಬಿದ್ದೆ ಅಂದುಕೊಂಡ. ಆದರೆ ಅವಳು ನಿಜಕ್ಕೂ ಯೋಚಿಸುತ್ತಿದ್ದಳು.

“ಅದು ಸುಳ್ಳೇ,” ಎಂದಳು ಕೊನೆಗೆ. “ಆದ್ರೆ ಹೇಳೋಳಿಗೂ ಗೊತ್ತು, ಕೇಳೋರಿಗೂ ಗೊತ್ತು. ನಿಮ್ಮ ಐವತ್ತು ಜನದ್ದು ಓದೋರಿಗೆ ಗೊತ್ತಿರಲ್ಲ.”

ಆಮೇಲೆ ಎರಡು ಮೂರು ದಿನ ಅವಳು ಮಷೀನಿನ ಮುಂದೆ ಕೂತು ಗಿರಾಕಿಗಳನ್ನೆಲ್ಲ ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ನಿಲ್ಲಿಸಿ ನೋಡಿದಳು. ಯಾರ ಬಟ್ಟೆ ದೊಡ್ಡದಾದದ್ದಕ್ಕೆ ಹೇಳಿಕೊಳ್ಳಬಹುದಾದ ಕಾರಣವಿದೆ? ಮ್ಯಾನೇಜರಿಗೆ ಇರುವುದು ಕುರ್ಚಿ. ಮೇಡಮ್ಮಿಗೆ ಇರುವುದು ಮನೆಯಲ್ಲಿ ಚೆನ್ನಾಗಿ ಅಡುಗೆ ಮಾಡುವ ಗಂಡ. ‘ಬಡಪಾಯಿ’ಗೆ ಕಾರಣವೇ ಬೇಕಿಲ್ಲ. ಕಣ್ಣು ಕೊನೆಗೆ ರಸ್ತೆಯಾಚೆಯ ಮೊದಲ ಮಹಡಿಯ ಕಿಟಕಿಗೆ ಹೋಗಿ ನಿಂತಿತು.

ಪುಟ್ಟಿ ಹುಟ್ಟಿ ಕೆಲವು ತಿಂಗಳಾದ ಮೇಲೆ ಅವಳ ಅಮ್ಮ ಮತ್ತೆ ಕಚೇರಿಗೆ ಹೊರಡಬೇಕಿತ್ತು. ಹೊರಡುವ ಹಿಂದಿನ ದಿನ ಹಳೆಯ ಪ್ಯಾಂಟುಗಳನ್ನು ಒಂದೊಂದಾಗಿ ಹಾಕಿ ನೋಡಿದರೆ ಒಂದೂ ಸೊಂಟ ದಾಟಲಿಲ್ಲ. ಅಷ್ಟನ್ನೂ ಕೈಗೆ ಬಂದ ಹಾಗೆ ಬಾಚಿಕೊಂಡು, ಮಗುವನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡು ಇಂಚಕ್ಕನ ಪರದೆ ಸರಿಸಿದ್ದಳು. ಎಡಬಲ ನೋಡುವ ತಾಳ್ಮೆ ಅವಳಿಗಿರಲಿಲ್ಲ. ಅಳು ಮಾತ್ರ ಕಣ್ಣಂಚಿನಲ್ಲಿತ್ತು. ಇಂಚಕ್ಕ ಮಗುವನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು, ಆ ಸಂಜೆ ಬೇರೆಲ್ಲ ಕೆಲಸ ಬದಿಗಿಟ್ಟು, ಪ್ಯಾಂಟುಗಳನ್ನೆಲ್ಲ ಸಡಿಲ ಮಾಡಿ ಕೊಟ್ಟಿದ್ದಳು. ಮಗು ಅವಳ ಟೇಪಿನ ತುದಿಯನ್ನು ಚೀಪುತ್ತಾ ಸುಮ್ಮನಿತ್ತು. ಮರುದಿನ ಕಚೇರಿಯಲ್ಲಿ ಎಲ್ಲರೂ, ಅಬ್ಬಾ, ಮಗುವಾದರೂ ನೀನು ಸ್ವಲ್ಪವೂ ಬದಲಾಗಿಲ್ಲವಲ್ಲೇ ಎಂದರಂತೆ. ಪುಟ್ಟಿಯ ಅಮ್ಮ ಆ ಮಾತನ್ನು ನಗುನಗುತ್ತಾ ಒಪ್ಪಿಕೊಂಡಳು. ಈಗಲೂ ಒಪ್ಪಿಕೊಳ್ಳುತ್ತಿದ್ದಾಳೆ. ತನ್ನ ಅತ್ತೆಯ ಎದುರಿಗೂ, ವಾರಗಿತ್ತಿಯ ಎದುರಿಗಂತೂ ಖಂಡಿತ.

ಇಂಚಕ್ಕ ಮಧ್ಯಾಹ್ನ ಪರದೆ ಎಳೆದು, ರಸ್ತೆ ದಾಟಿ, ಮೆಟ್ಟಿಲು ಹತ್ತಿದಳು. ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದವಳನ್ನು ಕಂಡು ಪುಟ್ಟಿಯ ಅಮ್ಮ ಗಾಬರಿಯಾದಳು. ಯಾವತ್ತೂ ಹೀಗೆ ಬಂದವಳಲ್ಲ. ಇಂಚಕ್ಕ ಕುರ್ಚಿಯ ಅಂಚಿನಲ್ಲಿ ಕೂತಳು. ಕೊಟ್ಟ ನೀರು ಕುಡಿದಳು. ಕೋಟಿನಿಂದ ಹಿಡಿದು ಫೋನು ಹೇಳಿದ ಉತ್ತರದವರೆಗೆ ಎಲ್ಲವನ್ನೂ ಹೇಳಿದಳು. ತನ್ನ ತಪ್ಪನ್ನೂ ಬಿಡಲಿಲ್ಲ, ಅಳಿಯನದ್ದನ್ನಂತೂ ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳಿದಳು. ‘ಬಡಪಾಯಿ’ಯ ಮೂರು ಸ್ಟಾರಿಗೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಳಗಿನ ಕೋಣೆಯಲ್ಲಿ ಮಲಗಿದ್ದ ಪುಟ್ಟಿ ಮಗ್ಗುಲು ಬದಲಿಸಿದಳು.

ನಗು ನಿಂತ ಮೇಲೂ ಇಂಚಕ್ಕ ಏಳಲಿಲ್ಲ. ಕುರ್ಚಿಯ ಮೇಲೆ ಹರವಿದ್ದ ಪುಟ್ಟಿಯ ಫ್ರಾಕಿನ ಅಂಚನ್ನು ಬೆರಳಲ್ಲಿ ತಿರುವುತ್ತಾ, ಇಲ್ಲಿ ಒಳಗೆ ಬಟ್ಟೆಯೇ ಬಿಟ್ಟಿಲ್ಲ ನೋಡು, ಮಕ್ಕಳದ್ದಕ್ಕೆ ಬಿಡಬೇಕು ಎಂದಳು. ಪುಟ್ಟಿಯ ಅಮ್ಮ ಹೌದು ಅಕ್ಕಾ ಎಂದು ಕಾದಳು. ಫ್ರಾಕಿನ ಮಾತಿಗೆ ಯಾರೂ ಅಷ್ಟು ಮೆಟ್ಟಿಲು ಹತ್ತಿ ಬರುವುದಿಲ್ಲ ಅಂತ ಅವಳಿಗೆ ಗೊತ್ತಾಗಿತ್ತು.

“ನಿನ್ನ ಗುಟ್ಟನ್ನ ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ,” ಎಂದಳು ಇಂಚಕ್ಕ. “ಇನ್ನು ಮುಂದೂ ಹೇಳಲ್ಲ. ನೀನು ಬೇಡ ಅಂದ್ರೆ ಈ ನೀರಿನ ಲೋಟ ಇಲ್ಲೇ ಇಟ್ಟು ಹೋಗ್ತೀನಿ, ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ. ಆದ್ರೆ ನಿನ್ನದು ನಾಚಿಕೆಪಡೋ ಗುಟ್ಟಲ್ಲ ಅಂತ ನನಗನ್ಸುತ್ತೆ. ನಿನಗೆ ಬರೆಯೋಕೂ ಬರುತ್ತೆ. ಹೊಗಳೋದು ಬೇಡ. ಮಗು ಆಯ್ತು, ಹಳೇ ಬಟ್ಟೆ ಹಿಡೀಲಿಲ್ಲ, ಆ ಪರದೆ ಅಂಗಡಿಗೆ ಹೋದೆ, ಮರುದಿನ ಹಾಕ್ಕೊಂಡು ಕೆಲಸಕ್ಕೆ ಹೋದೆ ಅಂತ, ಆದದ್ದು ಆದ ಹಾಗೆ ನಾಲ್ಕು ಸಾಲು. ಕೆಳಗೆ ‘ಒಬ್ಬರು’ ಅಂತಲ್ಲ, ನಿನ್ನ ಸ್ವಂತ ಹೆಸರು. ಹೊಸದಾಗಿ ಮಗು ಆದೋಳು ಯಾರೋ ಒಬ್ಬಳು ಆ ಫೋನನ್ನ ಕೇಳ್ತಾಳಲ್ಲ, ಅವಳಿಗೆ ಸಿಗೋ ಹಾಗೆ. ನಿಧಾನ ಯೋಚನೆ ಮಾಡು, ನಿಮ್ಮ ಮನೇಲೂ ಒಂದು ಮಾತು ಕೇಳು. ಬರೆದುಕೊಡ್ತೀಯೇನಮ್ಮಾ?”